ಸಹಿ ಹಾಕುವ ಮುಂಚೆ ಸಂಬಳದ ಸಾಲು ಓದಿ!

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು. ಯಾವ ಗೇಟಿನ ಮುಂದೆ ನಿಂತು ಕೇಳಿದರೂ ಗಂಟೆಗೆ ಎಷ್ಟು ಪೀಸ್ ಟಾರ್ಗೆಟ್, ಒಂದು ಕಾಲರ್ ಎಷ್ಟು ಹೊತ್ತಿನಲ್ಲಿ ಕೈಬಿಟ್ಟು ಮುಂದಿನ ಮೆಷಿನಿಗೆ ಹೋಗಬೇಕು ಎಂಬುದನ್ನು ನೀವು ಥಟ್ಟನೆ ಹೇಳುತ್ತೀರಿ. ನಿಮ್ಮ ಬೇಸಿಕ್ ಎಷ್ಟು, ತುಟ್ಟಿಭತ್ಯೆ ಎಷ್ಟು, ಒಂದು ಗಂಟೆ ಓ.ಟಿ.ಗೆ ಎಷ್ಟು ಬರಬೇಕು ಎಂದು ಕೇಳಿದರೆ ಮಾತ್ರ ಬಹಳ ಜನ "ಕೈಗೆ ಇಷ್ಟು ಬರುತ್ತೆ" ಎಂದು ನಿಲ್ಲಿಸುತ್ತಾರೆ. ಅದರ ಹಿಂದಿನ ಲೆಕ್ಕ ಯಾರೂ ನಿಮಗೆ ಹೇಳಿಲ್ಲ. ಕೆಲಸಕ್ಕೆ ಸೇರಿದ ದಿನ ಮುಂದೆ ಒಂದು ಕಟ್ಟು ಕಾಗದ ಇಟ್ಟರು. ಎಲ್ಲ ಇಂಗ್ಲಿಷಿನಲ್ಲಿತ್ತು. ಪೆನ್ಸಿಲಿನಲ್ಲಿ ಇಂಟು ಮಾರ್ಕ್ ಹಾಕಿದ ಕಡೆಯಲ್ಲೆಲ್ಲ ಸಹಿ ಹಾಕಿಸಿಕೊಂಡರು. "ಬೇಗ ಹಾಕಮ್ಮ, ಹಿಂದೆ ಕ್ಯೂ ಇದೆ" ಎಂದರು. ಪ್ರತಿ ಕೊಡಲಿಲ್ಲ.

ಆ ಕಾಗದದಲ್ಲಿ ಸಂಬಳದ ಬಗ್ಗೆ ಇರುವ ಸಾಲುಗಳು ಹೆಚ್ಚೆಂದರೆ ಒಂದು ಪುಟ. ಆ ಒಂದು ಪುಟವನ್ನು ನಾವೆಲ್ಲ ಸೇರಿ ಓದೋಣ ಎಂದು ಕೇಳಿಕೊಳ್ಳುವುದಕ್ಕೇ ಈ ಕರಪತ್ರ.

ಅದಕ್ಕೂ ಮುಂಚೆ ಒಂದು ಮಾತು. ತಕರಾರು ತೆಗೆದ ಕೂಡಲೇ ಆಫೀಸಿನವರು "ನೀವೇ ಸಹಿ ಹಾಕಿದ್ದೀರಲ್ಲ" ಎನ್ನುತ್ತಾರೆ, ನಮ್ಮ ಬಾಯಿ ಕಟ್ಟಿಹೋಗುತ್ತದೆ. ಕಟ್ಟಬೇಕಾಗಿಲ್ಲ. ಕಾನೂನಿನಂತೆ ಬರಬೇಕಾದ ಸಂಬಳವನ್ನೋ ಬೋನಸ್ಸನ್ನೋ ಬಿಟ್ಟುಕೊಡುತ್ತೇನೆ ಎಂದು ಕಾರ್ಮಿಕರಿಂದ ಬರೆಸಿಕೊಂಡ ಯಾವ ಒಪ್ಪಂದಕ್ಕೂ ಬೆಲೆ ಇಲ್ಲ, ಅದು ಅಸಿಂಧು ಎಂದು 2019ರ ವೇತನ ಸಂಹಿತೆ ಹೇಳುತ್ತದೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇದು ಹೊಸ ಮಾತೂ ಅಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇದೇ ಇತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ. ಆ ಕಾರ್ಮಿಕರೂ ಕೊಟ್ಟಷ್ಟಕ್ಕೆ ಒಪ್ಪಿಕೊಂಡೇ ಕೆಲಸಕ್ಕೆ ಬಂದವರು. ಹೊಟ್ಟೆಪಾಡಿಗೆ ಒಪ್ಪಿದ್ದು ಒಪ್ಪಿಗೆಯಾಗುವುದಿಲ್ಲ ಎಂದಿತು ಕೋರ್ಟು.

ಆದ್ದರಿಂದ ಈಗಾಗಲೇ ಸಹಿ ಹಾಕಿದವರು ಕೈಚೆಲ್ಲಬೇಡಿ. ಇನ್ನು ಮುಂದೆ ಹಾಕುವವರು ಓದದೆ ಹಾಕಬೇಡಿ.

ಹದಿನಾರೂವರೆ ಸಾವಿರ ಎಲ್ಲಿ ಹೋಯಿತು?

ಊರಿಗೆ ಬಂದ ಏಜೆಂಟು ಹೇಳುತ್ತಾನೆ: "ಹದಿನಾರೂವರೆ ಸಾವಿರದ ಮೇಲೆ ಸಂಬಳ." ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು ಹನ್ನೊಂದು ಸಾವಿರ ಚಿಲ್ಲರೆ. ಮನೆಯಲ್ಲಿ ಜಗಳ, ಉಳಿದ ದುಡ್ಡು ಏನು ಮಾಡಿದೆ ಎಂದು. ಆ ದುಡ್ಡು ದುಡಿದವಳ ಕೈಗೆ ಬಂದೇ ಇರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ. ನಿಮ್ಮದು ಬೇರೆ ಇರುತ್ತದೆ, ಅದನ್ನು ಈ ಜಾಗದಲ್ಲಿ ಹಾಕಿಕೊಳ್ಳಿ. ಪಿ.ಎಫ್.ಗೆ ನಿಮ್ಮಿಂದ ಶೇಕಡಾ 12, ಅಂದರೆ 1,560. ಇ.ಎಸ್.ಐ.ಗೆ ನಿಮ್ಮಿಂದ ಶೇಕಡಾ 0.75, ಅಂದರೆ 98. ಕೈಗೆ ಬರುವುದು 11,342.

ಕಂಪನಿಯೂ ತನ್ನ ಪಾಲು ಕಟ್ಟಬೇಕು. ಪಿ.ಎಫ್.ಗೆ ಅದೇ 1,560. ಇ.ಎಸ್.ಐ.ಗೆ ಶೇಕಡಾ 3.25, ಅಂದರೆ 423. ವರ್ಷಕ್ಕೊಮ್ಮೆ ಕೊಡುವ ಶೇಕಡಾ 8.33ರ ಕನಿಷ್ಠ ಬೋನಸ್ಸನ್ನು ತಿಂಗಳಿಗೆ ಹಂಚಿ 1,083 ಎಂದು ಬರೆಯುತ್ತಾರೆ. ಐದು ವರ್ಷ ದುಡಿದ ಮೇಲೆ ಸಿಗುವ ಗ್ರಾಚ್ಯುಟಿಯನ್ನೂ ತಿಂಗಳಿಗೆ ಹಂಚಿ ಸುಮಾರು 625 ಸೇರಿಸುತ್ತಾರೆ. ಎಲ್ಲ ಕೂಡಿಸಿ ನೋಡಿ, 16,691. ಏಜೆಂಟು ಹೇಳಿದ ಸಂಬಳ ಇದು! ಕಾಗದದಲ್ಲಿ ಇದಕ್ಕೆ ಸಿ.ಟಿ.ಸಿ. ಎಂದು ಹೆಸರು. ನಿಮ್ಮನ್ನು ಇಟ್ಟುಕೊಳ್ಳುವುದಕ್ಕೆ ಕಂಪನಿಗೆ ಬೀಳುವ ಒಟ್ಟು ಖರ್ಚು ಅದು, ನಿಮ್ಮ ಮನೆಗೆ ಬರುವ ದುಡ್ಡಲ್ಲ. ಬಾಡಿಗೆ ಮನೆ ನೋಡುವಾಗ, ಮಗುವಿನ ಶಾಲೆಯ ಫೀಸಿಗೆ ಮಾತು ಕೊಡುವಾಗ, ಸಂಘದಲ್ಲಿ ಸಾಲ ಎತ್ತುವಾಗ 16,691 ಹಿಡಿದು ಲೆಕ್ಕ ಹಾಕಿದವರು ಮೂರನೇ ತಿಂಗಳಿಗೆ ಬಡ್ಡಿಯವರ ಬಾಗಿಲಲ್ಲಿರುತ್ತಾರೆ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಸರ್, ಎಲ್ಲ ಕಟಾವಾಗಿ ಬ್ಯಾಂಕಿಗೆ ಎಷ್ಟು ಬೀಳುತ್ತೆ? ಅದನ್ನು ಬರೆದು ಕೊಡಿ."

ಪಿ.ಎಫ್., ಇ.ಎಸ್.ಐ. ಕಟಾವು ನಷ್ಟವಲ್ಲ, ಅದು ನಿಮ್ಮ ದುಡ್ಡು, ನಿಮ್ಮ ಆಸ್ಪತ್ರೆ, ನಿಮ್ಮ ಹೆರಿಗೆ ರಜೆ. ಎಚ್ಚರ ಇರಬೇಕಾದ್ದು ಎರಡು ಕಡೆ. ಕಂಪನಿ ಕಟ್ಟಬೇಕಾದ ಪಾಲನ್ನೂ ನಿಮ್ಮ ಸಂಬಳದಿಂದಲೇ ಮುರಿದುಕೊಂಡಿದ್ದಾರಾ ನೋಡಿ. ಹಾಗೆ ಮುರಿದುಕೊಳ್ಳಲು ಕಾನೂನು ಬಿಡುವುದಿಲ್ಲ. ಇನ್ನೊಂದು, ಹಿಡಿದ ದುಡ್ಡು ನಿಜವಾಗಿ ಖಾತೆಗೆ ಹೋಗಿದೆಯಾ ನೋಡಿ. ನಿಮ್ಮ ಪಿ.ಎಫ್. ನಂಬರಿಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಕೊನೆಗೆ ಜಮೆಯಾದ ಮೊತ್ತ ಮೆಸೇಜಿನಲ್ಲಿ ಬರುತ್ತದೆ. ಪೇ ಸ್ಲಿಪ್‌ನಲ್ಲಿ ಕಟಾವಾಗಿ ಖಾತೆಗೆ ಬಾರದಿದ್ದರೆ ಅದು ಕಳ್ಳತನ. ತಡಮಾಡದೆ ದೂರು ಕೊಡಬೇಕು.

ವೃತ್ತಿ ತೆರಿಗೆ ಎಂದು ಪ್ರತಿ ತಿಂಗಳು 200 ರೂಪಾಯಿ ಹಿಡಿದಿದ್ದರೆ ನಿಮ್ಮ ಸಂಬಳ 25,000ಕ್ಕಿಂತ ಕಡಿಮೆ ಇದೆಯಾ ನೋಡಿಕೊಳ್ಳಿ. ಕಡಿಮೆ ಇದ್ದರೆ ಕರ್ನಾಟಕದಲ್ಲಿ ಆ ತೆರಿಗೆ ನಿಮಗೆ ಬೀಳುವುದಿಲ್ಲ.

ತುಟ್ಟಿಭತ್ಯೆಯ ಸಾಲನ್ನು ಕಣ್ಣಿಟ್ಟು ನೋಡಿ

ಕನಿಷ್ಠ ವೇತನಕ್ಕೆ ಎರಡು ಕಾಲು. ಒಂದು ಬೇಸಿಕ್, ಇನ್ನೊಂದು ತುಟ್ಟಿಭತ್ಯೆ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದ ಹಾಗೆ ಪ್ರತಿ ವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಏರುತ್ತದೆ. ಇದಕ್ಕೆ ಮಾಲೀಕರ ದಯೆ ಬೇಕಿಲ್ಲ, ಇನ್‌ಕ್ರಿಮೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಏಪ್ರಿಲ್ ಸಂಬಳದಲ್ಲಿ ಸಿಕ್ಕ ಹೆಚ್ಚಳವನ್ನು "ಈ ವರ್ಷ ಕಂಪನಿ ನಿಮಗೆ ಇನ್‌ಕ್ರಿಮೆಂಟ್ ಕೊಟ್ಟಿದೆ" ಎಂದು ಹೇಳಿದರೆ ನಂಬಬೇಡಿ. ಹತ್ತು ವರ್ಷ ಮೆಷಿನಿನ ಮೇಲೆ ಕೂತ ಟೈಲರಿಗೂ ನಿನ್ನೆ ಸೇರಿದವಳಿಗೂ ಸಂಬಳದಲ್ಲಿ ಹೆಚ್ಚು ವ್ಯತ್ಯಾಸ ಕಾಣದೆ ಇರುವುದಕ್ಕೆ ಕಾರಣ ಇದೇ. ಅನುಭವಕ್ಕೆ ಸಿಗಬೇಕಾದ ಇನ್‌ಕ್ರಿಮೆಂಟ್ ಸಿಗದೆ, ಸರ್ಕಾರ ಏರಿಸಿದ ತುಟ್ಟಿಭತ್ಯೆ ಮಾತ್ರ ಸಿಗುತ್ತಾ ಬಂದಿದೆ. ನೇಮಕಾತಿ ಪತ್ರದಲ್ಲಿ ವಾರ್ಷಿಕ ಇನ್‌ಕ್ರಿಮೆಂಟಿಗೆ ಬೇರೆ ಸಾಲು ಇದೆಯಾ? ಇಲ್ಲದಿದ್ದರೆ ಕೇಳಿ.

ಆ ಏರಿಕೆಯೂ ತಾನಾಗಿ ಬರುವುದಿಲ್ಲ ಎಂಬುದನ್ನು 2020 ತೋರಿಸಿಕೊಟ್ಟಿತು. ಆ ವರ್ಷ ಏಪ್ರಿಲ್ 1ರಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ 60 ಪೈಸೆ ಹೆಚ್ಚಾಗಬೇಕಿತ್ತು. ಕೋವಿಡ್ ಹೆಸರಿನಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು, ಸೆಪ್ಟೆಂಬರಿನಲ್ಲಿ ಕೋರ್ಟು ಬಾಕಿ ಸಹಿತ ಕೊಡಬೇಕೆಂದಿತು. ಆದರೂ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ಸಂಘಟನೆಗಳು ಪಟ್ಟು ಬಿಡದೆ, ನಮ್ಮ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳವರೆಗೂ ವಿಷಯ ಮುಟ್ಟಿಸಿದ ಮೇಲೆ 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿ ಕೊಡಲು ಶುರು ಮಾಡಿದವು. ತಿಂಗಳಿಗೆ 417 ಏನು ಮಹಾ ಎನ್ನಬೇಡಿ. ವರ್ಷಕ್ಕೆ ಐದು ಸಾವಿರ ದಾಟುತ್ತದೆ. ಆ ಎರಡು ವರ್ಷದಲ್ಲಿ ಕೆಲಸ ಬಿಟ್ಟು ಊರಿಗೆ ಹೋದವರನ್ನು ಹುಡುಕಿ ಬಾಕಿ ಕೊಡಿಸುವುದು ಎಷ್ಟು ಕಷ್ಟ ಯೋಚಿಸಿ. ಏಪ್ರಿಲಿನ ಪೇ ಸ್ಲಿಪ್ಪನ್ನು ಮಾರ್ಚಿನದರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಪ್ರತಿಯೊಬ್ಬರಿಗೂ ಬರಬೇಕು.

ನಿಮ್ಮ ದರ ಎಷ್ಟೆಂದು ತಿಳಿಯುವುದು ಹೇಗೆ? ಕಾರ್ಖಾನೆಯೊಳಗೇ ಇದೆ ಉತ್ತರ. ಯಾವ ದರ್ಜೆಯ ಕೆಲಸಕ್ಕೆ ಎಷ್ಟು ವೇತನ, ಯಾವ ತಾರೀಕು ಸಂಬಳ, ಆ ಪ್ರದೇಶದ ಇನ್‌ಸ್ಪೆಕ್ಟರ್ ಯಾರು, ವಿಳಾಸ ಏನು ಎಂಬುದನ್ನು ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಬೋರ್ಡು ಎಲ್ಲಿದೆ ನೋಡಿ. ಹೆಲ್ಪರ್ ಎಂದು ಸೇರಿಸಿಕೊಂಡು ಮೆಷಿನಿನ ಮೇಲೆ ಕೂರಿಸಿದ್ದರೆ ನಿಮ್ಮ ದರ್ಜೆ ಟೈಲರಿನದು, ನಿಮ್ಮ ವೇತನವೂ ಅದರದೇ ಆಗಬೇಕು. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರಿನ ಸಾಲು ಸಂಬಳದ ಸಾಲಿನಷ್ಟೇ ಮುಖ್ಯ ಎನ್ನುವುದು ಇದಕ್ಕೆ.

ಇನ್ನು ಭತ್ಯೆಗಳ ವಿಷಯ. ಬೇಸಿಕ್ ಕಡಿಮೆ ತೋರಿಸಿ ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಅದು ಇದು ಎಂದು ಹಂಚಿದರೆ ಪಿ.ಎಫ್., ಗ್ರಾಚ್ಯುಟಿ ಎರಡೂ ಕುಗ್ಗುತ್ತವೆ. ಚೆಕಿಂಗ್, ಕ್ವಾಲಿಟಿ, ಆಫೀಸಿನ ಕೆಲಸದವರ ಪತ್ರಗಳಲ್ಲಿ ಇದು ಹೆಚ್ಚು. ಈಗಿನ ಕಾನೂನಿನಲ್ಲಿ ಇದಕ್ಕೆ ಒಂದು ಗೆರೆ ಎಳೆದಿದ್ದಾರೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದ ಮೊತ್ತವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಒಟ್ಟು 20,000ದಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ 8,000, ಭತ್ಯೆ 12,000 ಇದ್ದರೆ, ಅರ್ಧ ದಾಟಿದ 2,000 ಸೇರಿ ವೇತನ 10,000 ಎಂದಾಗುತ್ತದೆ. ಪಿ.ಎಫ್. ಕಟಾವು 960ರಿಂದ 1,200ಕ್ಕೆ ಏರುತ್ತದೆ. ಕೈಗೆ 240 ಕಡಿಮೆ ಬರಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಂಪನಿಯೂ 240 ಹೆಚ್ಚು ಕಟ್ಟಬೇಕಾಗುವುದರಿಂದ ನಿಮ್ಮ ಹೆಸರಿಗೆ ತಿಂಗಳಿಗೆ 480 ಹೆಚ್ಚು ಸೇರುತ್ತದೆ. ಕಡಿಮೆ ಬಂತು ಎಂದು ಗಾಬರಿಯಾಗುವ ಮುಂಚೆ ಆ ದುಡ್ಡು ಎಲ್ಲಿಗೆ ಹೋಯಿತು ನೋಡಿ.

ಓ.ಟಿ. ಎಂದರೆ ಎರಡರಷ್ಟು

ಅದೇ 13,000ದ ಸಂಬಳ ತೆಗೆದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಯಿಂದ ಭಾಗಿಸಿದರೆ ಗಂಟೆಗೆ 62 ರೂಪಾಯಿ 50 ಪೈಸೆ. ಓ.ಟಿ.ಗೆ ಎರಡರಷ್ಟು ಕೊಡಬೇಕು, ಗಂಟೆಗೆ 125. ದಿನಕ್ಕೆ ಒಂದೇ ಗಂಟೆಯಂತೆ ತಿಂಗಳಲ್ಲಿ ಇಪ್ಪತ್ತು ದಿನ ನಿಂತರೂ 2,500 ರೂಪಾಯಿ.

ಆದರೆ ನಡೆಯುವುದೇನು? "ಟಾರ್ಗೆಟ್ ಮುಗಿಸಿ ಹೋಗಿ" ಎನ್ನುತ್ತಾರೆ. ಪಂಚ್ ಮಾಡಿಸಿ ಮತ್ತೆ ಲೈನಿಗೆ ಕೂರಿಸುತ್ತಾರೆ. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ, ಬೆಳಿಗ್ಗೆ ಹದಿನೈದು ನಿಮಿಷ ಮುಂಚೆ, ಸಂಜೆ ಗಂಟೆ ಹೊಡೆದ ಮೇಲೆ ಇಪ್ಪತ್ತು ನಿಮಿಷ. ಯಾವುದೂ ಪುಸ್ತಕಕ್ಕೆ ಏರುವುದಿಲ್ಲ. ಆರ್ಡರ್ ಇಲ್ಲದ ದಿನ ಅವರಾಗಿಯೇ ರಜೆ ಕೊಟ್ಟು, ಆರ್ಡರ್ ಬಂದಾಗ ಭಾನುವಾರ ಕರೆಸಿಕೊಂಡು "ಅಲ್ಲಿಗಲ್ಲಿಗೆ ಸರಿಹೋಯಿತು" ಎನ್ನುತ್ತಾರೆ. ಟಾರ್ಗೆಟ್ ಇಟ್ಟವರು ಅವರು. ಅದು ಎಂಟು ಗಂಟೆಯಲ್ಲಿ ಮುಗಿಯದಿದ್ದರೆ ಆಮೇಲಿನ ಹೊತ್ತು ಓ.ಟಿ.ಯೇ. ನಿಮ್ಮ ಒಪ್ಪಿಗೆ ಇಲ್ಲದೆ ಓ.ಟಿ. ಮಾಡಿಸುವಂತಿಲ್ಲ ಎಂಬುದೂ ಈಗ ಕಾನೂನಿನಲ್ಲಿದೆ. ನೇಮಕಾತಿ ಪತ್ರದಲ್ಲಿ "ಕಂಪನಿಯ ಅಗತ್ಯದಂತೆ ಹೆಚ್ಚಿನ ಹೊತ್ತು ಕೆಲಸ ಮಾಡತಕ್ಕದ್ದು" ಎಂಬ ಸಾಲು ಇದ್ದರೆ, ಅದರ ಪಕ್ಕದಲ್ಲಿ ಎರಡರಷ್ಟು ವೇತನದ ಮಾತು ಇದೆಯಾ ನೋಡಿ. ಇಲ್ಲದಿದ್ದರೂ ಆ ಹಣ ನಿಮ್ಮದೇ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಒಳಗೆ ಹೋದ ಹೊತ್ತು, ನಿಜವಾಗಿ ಮೆಷಿನಿನಿಂದ ಎದ್ದ ಹೊತ್ತು, ಆವತ್ತಿನ ಸೂಪರ್‌ವೈಸರ್ ಹೆಸರು. ಬಸ್ಸಿನಲ್ಲಿ ಕೂತು ಎರಡು ನಿಮಿಷದಲ್ಲಿ ಬರೆಯಬಹುದು. ದೂರು ಕೊಡುವ ದಿನ ಈ ಪುಸ್ತಕದ ಬೆಲೆ ಗೊತ್ತಾಗುತ್ತದೆ. ಸಂಬಳ ಕಡಿಮೆ ಕೊಟ್ಟರೆಂದು ಕಾರ್ಮಿಕರು ದೂರಿದಾಗ, ಪೂರ್ತಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಅವರ ಪುಸ್ತಕದ ಎದುರಿಗೆ ನಿಮ್ಮದೊಂದು ಪುಸ್ತಕ ಇರಲಿ.

ಕಟಾವು ಎಷ್ಟು ಮಾಡಬಹುದು?

ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕತ್ತರಿಸುವ ಕಾರ್ಖಾನೆಗಳಿವೆ. ಕೆಲಸ ಮಾಡದ ಹೊತ್ತಿಗೆ ತಕ್ಕಷ್ಟು ಮಾತ್ರ ಕಟಾವು ಮಾಡಬಹುದು, ಒಂದು ಪೈಸೆ ಹೆಚ್ಚಲ್ಲ. ದಂಡ ಹಾಕಬೇಕೆಂದರೆ ಯಾವ ತಪ್ಪಿಗೆ ದಂಡ ಎಂಬ ಪಟ್ಟಿ ಮೊದಲೇ ಮಂಜೂರಾಗಿ, ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ನಿಮ್ಮ ಮಾತು ಕೇಳದೆ ದಂಡ ಹಾಕುವಂತಿಲ್ಲ. ಒಂದು ತಿಂಗಳಲ್ಲಿ ಎಲ್ಲ ದಂಡ ಸೇರಿ ವೇತನದ ಶೇಕಡಾ 3 ಮೀರುವಂತಿಲ್ಲ. 13,000ಕ್ಕೆ 390 ರೂಪಾಯಿ, ಅಷ್ಟೇ ಮಿತಿ. ದಂಡ ಹಾಕಿ 90 ದಿನ ಕಳೆದ ಮೇಲೆ ವಸೂಲಿ ಮಾಡುವಂತಿಲ್ಲ, ಕಂತಿನಲ್ಲಿ ಹಿಡಿಯುವಂತೆಯೂ ಇಲ್ಲ. ಪೀಸ್ ಹಾಳಾಯಿತು, ಸೂಜಿ ಮುರಿಯಿತು, ಕತ್ತರಿ ಕಳೆಯಿತು ಎಂದು ನಷ್ಟ ಕಟ್ಟಿಸುವುದಕ್ಕೂ ಮೊದಲು ನಿಮ್ಮ ವಿವರಣೆ ಕೇಳಬೇಕು. ಸೂಪರ್‌ವೈಸರ್ ಸಿಟ್ಟಿನಲ್ಲಿ ಕೂಗಿ ಹೇಳಿದ್ದು ವಿಚಾರಣೆ ಆಗುವುದಿಲ್ಲ. ಹಾಸ್ಟೆಲ್ಲು, ಮುಂಗಡ, ಪಿ.ಎಫ್. ಎಲ್ಲ ಸೇರಿಸಿದರೂ ಒಟ್ಟು ಕಟಾವು ಸಂಬಳದ ಅರ್ಧ ದಾಟಬಾರದು. ಒಡಿಶಾ, ಜಾರ್ಖಂಡದಿಂದ ಬಂದು ಕಂಪನಿ ಹಾಸ್ಟೆಲಿನಲ್ಲಿರುವ ಹುಡುಗಿಯರಿಗೆ ಇದನ್ನು ದಯವಿಟ್ಟು ಕೂತು ಹೇಳಿ. ಅವರಿಗೆ ಈ ಕರಪತ್ರ ಓದಲು ಬರುವುದಿಲ್ಲ, ಅವರ ಕಟಾವೇ ಎಲ್ಲರಿಗಿಂತ ಹೆಚ್ಚು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೇಮಕಾತಿ ಪತ್ರದಲ್ಲಿ ನೋಟಿಸ್ ಷರತ್ತು ಇದ್ದು, ಹತ್ತು ಜನವೋ ಹೆಚ್ಚೋ ಒಟ್ಟಾಗಿ, ಮುನ್ಸೂಚನೆ ಕೊಡದೆ, ಸರಿಯಾದ ಕಾರಣವಿಲ್ಲದೆ ಗೈರಾದರೆ ಎಂಟು ದಿನದವರೆಗಿನ ಸಂಬಳ ಹಿಡಿಯಲು ಕಾನೂನು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಸಿಟ್ಟು ಬಂದ ದಿನ ಮೆಷಿನ್ ಬಿಟ್ಟು ಎದ್ದು ಹೋಗುವ ಮುಂಚೆ ಇದು ನೆನಪಿರಲಿ. ಮೊದಲು ಬರೆದುಕೊಡಿ, ಸಂಘಟನೆಯವರ ಜೊತೆ ಮಾತಾಡಿ, ಆಮೇಲೆ ಮುಂದಿನ ಹೆಜ್ಜೆ ಇಡಿ.

ಬಿಡುವಾಗ

ರಾಜೀನಾಮೆ ಕೊಟ್ಟರೂ, ಅವರೇ ತೆಗೆದುಹಾಕಿದರೂ, ಕಾರ್ಖಾನೆ ಮುಚ್ಚಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. "ಮುಂದಿನ ತಿಂಗಳು ಬನ್ನಿ" ಎಂದು ಬಸ್ ಚಾರ್ಜು ಹಾಕಿಸಿ ಅಲೆಸುವುದು ಇನ್ನು ನಡೆಯಬಾರದು. ಕೆಲಸದಲ್ಲಿರುವವರಿಗೆ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬೀಳಬೇಕು.

ಗ್ರಾಚ್ಯುಟಿ ಎಂದರೆ ವರ್ಷಕ್ಕೆ ಹದಿನೈದು ದಿನದ ವೇತನ. ಕೊನೆಯ ವೇತನ 13,000 ಇದ್ದರೆ ವರ್ಷಕ್ಕೆ 7,500. ಆರು ವರ್ಷ ದುಡಿದವಳಿಗೆ 45,000. ಇದು ಸಿಗಬೇಕಾದರೆ ಐದು ವರ್ಷ ಸತತ ಸೇವೆ ಬೇಕು, ಮೋಸ ನಡೆಯುವುದೂ ಅಲ್ಲಿಯೇ. ನಾಲ್ಕೂವರೆ ವರ್ಷಕ್ಕೆ "ಸೆಟಲ್ಮೆಂಟ್ ತಗೋ, ಪಿ.ಎಫ್. ದುಡ್ಡು ಕೈಗೆ ಬರುತ್ತೆ, ಹದಿನೈದು ದಿನ ಬಿಟ್ಟು ಮತ್ತೆ ಸೇರಿಕೋ" ಎಂದು ಪ್ರೀತಿಯಿಂದ ಹೇಳುವವರಿದ್ದಾರೆ. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದ ಹೊತ್ತಿಗೆ ಆ ಮಾತು ಸಿಹಿಯಾಗಿಯೇ ಕೇಳುತ್ತದೆ. ಹಾಗೆ ಮಾಡಿದ ಕೂಡಲೇ ನಿಮ್ಮ ನಾಲ್ಕೂವರೆ ವರ್ಷ ಅಳಿಸಿಹೋಗಿ ಎಣಿಕೆ ಮತ್ತೆ ಒಂದರಿಂದ ಶುರು. ಸಂಬಳವೂ ಹೊಸಬರ ಸಂಬಳ. ದುಡ್ಡಿನ ತುರ್ತು ಇದ್ದರೆ ಕೆಲಸ ಬಿಡದೆಯೇ ಪಿ.ಎಫ್.ನಿಂದ ಮುಂಗಡ ಪಡೆಯುವ ದಾರಿ ಇದೆ, ಅದನ್ನು ಮೊದಲು ಕೇಳಿ. ಇಷ್ಟೇ ಅವಧಿಗೆ ಎಂದು ನೇಮಕವಾದವರಿಗೆ ಈಗ ಒಂದು ವರ್ಷ ಮುಗಿದರೆ ಗ್ರಾಚ್ಯುಟಿ ಸಿಗುತ್ತದೆ. ನಿಮ್ಮ ಪತ್ರದಲ್ಲಿ ನೇಮಕದ ಅವಧಿ ಬರೆದಿದೆಯಾ ನೋಡಿ.

ಕಾಂಟ್ರಾಕ್ಟರ್ ಕೈಕೆಳಗೆ ಇರುವವರೂ ಇದೆಲ್ಲ ತಮಗಲ್ಲ ಎಂದುಕೊಳ್ಳಬೇಡಿ. ಕಾಂಟ್ರಾಕ್ಟರ್ ಸಂಬಳ ಕೊಡದೆ ಕೈಯೆತ್ತಿದರೆ ಯಾರ ಕಾರ್ಖಾನೆಯಲ್ಲಿ ದುಡಿದಿರೋ ಆ ಕಂಪನಿಯೇ ಕೊಡಬೇಕು.

ಈಗ ಮಾಡಬೇಕಾದ್ದು

2016ರ ಏಪ್ರಿಲ್ 18 ಮತ್ತು 19ನ್ನು ನಮ್ಮಲ್ಲಿ ಹಿರಿಯರು ಮರೆತಿಲ್ಲ. ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮೂವತ್ತೈದು, ನಲವತ್ತಕ್ಕೆ ಬೆನ್ನು, ಕಣ್ಣು ಸೋತು ಮೆಷಿನ್ ಬಿಡುವ ಹೆಂಗಸಿಗೆ 58ರ ಮಾತು ಏನೆಂದು ನಮ್ಮ ಅಕ್ಕಂದಿರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ಬೀದಿಗಿಳಿದರು. ಲಾಠಿ ಬಿತ್ತು, ಕೇಸುಗಳೂ ಬಿದ್ದವು. ಎರಡನೇ ದಿನವೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಇಡೀ ದೇಶದ ಕಾರ್ಮಿಕರಿಗೆ ಅದರ ಫಲ ಸಿಕ್ಕಿತು. ಕಾಗದದ ಲೆಕ್ಕ ಓದಿದವರಿಗೆ ಮಾತ್ರ ಎನ್ನುವವರಿಗೆ ಆ ಎರಡು ದಿನವನ್ನು ತೋರಿಸಿ.

ಈ ಸಲ ಬೀದಿಗಿಳಿಯಿರಿ ಎಂದು ನಾವು ಕೇಳುತ್ತಿಲ್ಲ. ಮುಂದಿನ ಸಂಬಳ ಬಿದ್ದ ದಿನ, ಊಟದ ಹೊತ್ತಿನಲ್ಲಿ, ನಿಮ್ಮ ಲೈನಿನ ನಾಲ್ಕೈದು ಜನ ಒಟ್ಟಿಗೆ ಕೂತು ಪೇ ಸ್ಲಿಪ್ ತೆಗೆಯಿರಿ. ಪೇ ಸ್ಲಿಪ್ ಕೊಡುವುದು ಮಾಲೀಕರ ಕರ್ತವ್ಯ. ಕೊಟ್ಟಿಲ್ಲವಾದರೆ ಅದನ್ನೇ ಮೊದಲು ಕೇಳಿ. ನಮ್ಮ ಲೆಕ್ಕದ ಪಕ್ಕ ನಿಮ್ಮದನ್ನು ಇಟ್ಟು ನೋಡಿ. ಓದು ಬಾರದ ಅಕ್ಕ ಇದ್ದರೆ ಅವರದನ್ನು ಮೊದಲು ಓದಿ. ನೇಮಕಾತಿ ಪತ್ರ ಪ್ರತಿಯೊಬ್ಬರಿಗೂ ಕೊಡಲೇಬೇಕೆಂದು ಕಾನೂನೇ ಹೇಳುತ್ತದೆ. ಇಲ್ಲದಿದ್ದವರೆಲ್ಲ ಸೇರಿ ಕೇಳಿ. ಒಬ್ಬರೇ ಹೋಗಬೇಡಿ. ಖಾಲಿ ಹಾಳೆಗೆ, ಖಾಲಿ ವೋಚರಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಸಹಿ ಹಾಕುವಾಗ ಪಕ್ಕದಲ್ಲಿ ಆವತ್ತಿನ ತಾರೀಕನ್ನು ನಿಮ್ಮ ಕೈಯಾರೆ ಬರೆಯಿರಿ, ಪ್ರತಿ ಕೇಳಿ ಪಡೆಯಿರಿ.

ಕೇಳುವ ಪತ್ರ ಹೀಗಿರಲಿ. ಇದನ್ನೇ ನೋಡಿ ಬರೆಯಿರಿ:

"ಇವರಿಗೆ,
ವ್ಯವಸ್ಥಾಪಕರು, ಎಚ್.ಆರ್. ವಿಭಾಗ.

ಮಾನ್ಯರೇ,
ನಾವು ಈ ಕೆಳಗೆ ಸಹಿ ಮಾಡಿರುವವರು ತಮ್ಮ ಕಾರ್ಖಾನೆಯ ಕಾರ್ಮಿಕರು. ನಮ್ಮ ನೇಮಕಾತಿ ಪತ್ರದ ಪ್ರತಿಯನ್ನೂ ಅದರ ಕನ್ನಡ ರೂಪವನ್ನೂ ಕೊಡಬೇಕೆಂದು ಕೋರುತ್ತೇವೆ. ನಮ್ಮ ದರ್ಜೆ, ಬೇಸಿಕ್, ತುಟ್ಟಿಭತ್ಯೆ, ಇತರ ಭತ್ಯೆ, ಓ.ಟಿ. ದರ ಹಾಗೂ ಕಳೆದ ಮೂರು ತಿಂಗಳಲ್ಲಿ ಮಾಡಿದ ಪ್ರತಿಯೊಂದು ಕಟಾವಿನ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಹದಿನೈದು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇವೆ.
ಸ್ಥಳ, ದಿನಾಂಕ, ಹೆಸರು, ಟೋಕನ್ ನಂಬರ್, ಸಹಿ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ವಾಪಸ್ ತನ್ನಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಹದಿನೈದು ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರದಲ್ಲಿ ಲೆಕ್ಕ ತಪ್ಪಿದ್ದರೆ, ಆ ಪ್ರತಿ, ಪೇ ಸ್ಲಿಪ್ಪುಗಳು, ನಿಮ್ಮ ನೋಟ್‌ಬುಕ್ ಹಿಡಿದು ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿಯ ಹತ್ತಿರ ಹೋಗಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಸಹಾಯವಾಣಿ 155214. ನೀವೇ ದೂರು ಕೊಡಬಹುದು, ನಿಮ್ಮ ಪರವಾಗಿ ನೋಂದಾಯಿತ ಕಾರ್ಮಿಕ ಸಂಘವೂ ಕೊಡಬಹುದು, ಎಷ್ಟು ಜನ ಇದ್ದರೂ ಒಂದೇ ಅರ್ಜಿ ಸಾಕು. ಹಿಂದೆ ಕನಿಷ್ಠ ವೇತನದ ದೂರಿಗೆ ಆರು ತಿಂಗಳ ಗಡುವಿತ್ತು, ಈಗ ಬಾಕಿಯಾದ ದಿನದಿಂದ ಮೂರು ವರ್ಷದವರೆಗೆ ಕೇಳಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ವಿಚಾರಣೆ ಮಾಡುವವರಿಗೆ ಇದೆ. ಕಳೆದ ವರ್ಷ ಬಿಟ್ಟವರಿಗೂ ಹೇಳಿ, ಊರಿಗೆ ಹೋದವರಿಗೂ ಫೋನ್ ಮಾಡಿ ಹೇಳಿ. ಅವರ ದುಡ್ಡಿಗೂ ಇನ್ನೂ ಕಾಲ ಮಿಂಚಿಲ್ಲ.

ಓದಿದ ಮೇಲೆ ಪಕ್ಕದ ಮೆಷಿನಿನವರಿಗೆ ಕೊಡಿ. ಇದನ್ನು ಜೆರಾಕ್ಸ್ ಮಾಡಿ ಹಂಚಲು ಯಾರ ಅನುಮತಿಯೂ ಬೇಡ.

— ನಿಮ್ಮ ಜೊತೆ ದುಡಿಯುವವರು